ಮೊಸರು-ಸಕ್ಕರೆ ತಿಂದು ಆಪರೇಷನ್ನಿಗೆ ಹೋದವಳು

ಹೊಟ್ಟೆ ಹೊಲಿಗೆ ಮಷೀನಿನ ಹಲಗೆಗೆ ತಾಗಿದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದೆ. ಏಳನೆಯ ತಿಂಗಳು. ಯಾರದೋ ಮದುವೆಯ ಬ್ಲೌಸು, ತೋಳಿಗೆ ಪೈಪಿಂಗ್ ಹಚ್ಚುತ್ತಿದ್ದೆ. ಬಗ್ಗಿದೆ. ಉಸಿರು ಸಿಗಲಿಲ್ಲ. ನೆಟ್ಟಗೆ ಕೂತೆ, ಸಿಕ್ಕಿತು. ಮತ್ತೆ ಬಗ್ಗಿದೆ. ಮತ್ತೆ ಇಲ್ಲ.

ಆಗ ನಗು ನಿಂತಿತು.

ಎಲ್ಲ ಬಸುರಿಯರಿಗೂ ಏದುಸಿರು ಬರುತ್ತದೆ, ನನಗೂ ಗೊತ್ತು. ಆದರೆ ನಾನು ಎಲ್ಲ ಬಸುರಿಯರಂತೆ ಇಲ್ಲ. ಕೇಶ್ವಾಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಲ್ಲಿಯ ಕಟಿಂಗ್ ಟೇಬಲ್ಲಿನ ಕಾಲುಗಳನ್ನು ಬಡಗಿ ಅರ್ಧಕ್ಕೆ ಕೊಯ್ದು ಕೊಟ್ಟಿದ್ದಾನೆ, ಮಷೀನಿನ ಪೆಡಲ್ಲಿನ ಮೇಲೆ ಮರದ ತುಂಡೊಂದನ್ನು ಕೂರಿಸಿದ್ದಾನೆ. ಮೈ ಎಲ್ಲರಷ್ಟೇ, ಕೈಕಾಲು ಮಾತ್ರ ಗಿಡ್ಡ. ನನ್ನ ಎಲುಬುಗಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆದಿವೆ. ಡಾಕ್ಟರರ ಭಾಷೆಯಲ್ಲಿ ಇದು ಅಕಾಂಡ್ರೊಪ್ಲೇಸಿಯಾ, ಸ್ಕೆಲಿಟಲ್ ಡಿಸ್‌ಪ್ಲೇಸಿಯಾ ಎನ್ನುವ ಎಲುಬಿನ ತೊಂದರೆಗಳಲ್ಲಿ ಒಂದು. ಓಣಿಯ ಭಾಷೆಯಲ್ಲಿ ಗಿಡ್ಡಿ. ಎರಡನ್ನೂ ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗಿವೆ.

ನನ್ನ ಗಂಡ ಬಸವರಾಜ ಸುಳ್ಳ ಎನ್ನುವ ಹಳ್ಳಿಯ ಕಡೆಯವರು, ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರು. ನಾನು ಸಿಟ್ಟಿನಲ್ಲೂ ಪ್ರೀತಿಯಲ್ಲೂ ಅವರನ್ನು ಮಾಸ್ತರ ಎಂದೇ ಕರೆಯುತ್ತೇನೆ. ಅವರು ಎತ್ತರದ ಆಳು. ನಮ್ಮಿಬ್ಬರನ್ನು ಒಟ್ಟಿಗೆ ಕಂಡವರು ಒಂದು ಸಲವಾದರೂ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ, ಕಣ್ಣು ಇರುವುದೇ ನೋಡಲಿಕ್ಕೆ.

ಮೊದಲು ಹೋದದ್ದು ಹತ್ತಿರದ ನರ್ಸಿಂಗ್ ಹೋಮಿಗೆ. ಡಾಕ್ಟರು ನನ್ನ ತಲೆಯ ಮೇಲಿಂದ ಮಾಸ್ತರರ ಜೊತೆ ಮಾತಾಡಿದರು. ಸೊಂಟದ ಎಲುಬು ಚಿಕ್ಕದು, ಕೂಸು ತಾನಾಗಿ ಬರಲು ದಾರಿ ಇಲ್ಲ, ಸಿಸೇರಿಯನ್ನೇ ಆಗಬೇಕು. ಅದು ನಮಗೂ ಗೊತ್ತಿತ್ತು. ಅದಲ್ಲ ತೊಂದರೆ.

"ಅನಸ್ತೇಶಿಯಾ ಹ್ಯಾಂಗ ಕೊಡೂದು ಅನ್ನೋದ ಪ್ರಶ್ನೆ ನೋಡ್ರಿ. ನಮ್ಮಲ್ಲಿ ಆಗೂದಿಲ್ಲ. ದೊಡ್ಡ ಆಸ್ಪತ್ರಿಗೆ ಹೋಗ್ರಿ. ಅಲ್ಲಿ ಪೂರಾ ನಿದ್ದಿ ಬರಿಸಿ ಮಾಡಬಹುದು."

"ಪೂರಾ ನಿದ್ದಿ ಬ್ಯಾಡ್ರಿ" ಎಂದೆ ನಾನು, ಕೆಳಗಿನಿಂದ.

ಆಗ ಡಾಕ್ಟರು ಮೊದಲ ಸಲ ನನ್ನ ಕಡೆ ನೋಡಿದರು.

ನಿದ್ದೆ ಯಾಕೆ ಬೇಡ ಎನ್ನುವುದಕ್ಕೆ ಒಂದು ಕಥೆ ಇದೆ. ನಾನು ಹುಟ್ಟಿದ್ದು ಧಾರವಾಡದಲ್ಲಿ. ನಮ್ಮವ್ವ ಹೇಳುತ್ತಿದ್ದಳು, ನಾನು ಹೊರಗೆ ಬಂದ ಕೂಡಲೇ ನರ್ಸು ನನ್ನನ್ನು ಎತ್ತಿ ನೋಡಿ "ಅಯ್ಯೋ, ಇದೇನಿದು ಹಿಂಗ" ಎಂದಳಂತೆ. ಈ ಲೋಕದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು. ನಾನು ದೊಡ್ಡವಳಾದ ಮೇಲೆ ಇದನ್ನೇ ಚೇಷ್ಟೆ ಮಾಡಿಕೊಂಡು ಗೆಳತಿಯರಿಗೆ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ದೊಡ್ಡ ಆಸ್ಪತ್ರೆಯಲ್ಲಿ ಮತ್ತೊಂದು ಸ್ಕ್ಯಾನ್ ಮಾಡಿದರು. ಕೂಸಿನ ತೊಡೆಯ ಎಲುಬು ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ.

ಕೂಸೂ ನನ್ನಂತೆಯೇ.

ಅಂದು ಆಸ್ಪತ್ರೆಯಿಂದ ಹೊರಬಿದ್ದು ನಾವಿಬ್ಬರೂ ಒಂದು ಗಿರ್ಮಿಟ್ ಗಾಡಿಯ ಮುಂದೆ ನಿಂತೆವು. ಇಬ್ಬರಿಗೂ ತಿನ್ನುವ ಮನಸ್ಸಿರಲಿಲ್ಲ, ಆದರೂ ತಿಂದೆವು. ಮಾಸ್ತರರು ಕೈಯಲ್ಲಿದ್ದ ಪೊಟ್ಟಣ ಖಾಲಿ ಮಾಡಿ ಅಂದರು, "ಹಂಗಾರ ಇನ್ನ ಮುಂದ ಮನ್ಯಾಗ ಮ್ಯಾಲಿನ ಡಬ್ಬಿ ಇಳಿಸೂ ಕೆಲಸಾ ಪೂರ್ತಿ ನಂದ ಆತು." ನನಗೆ ಅಳುವೂ ಬಂತು, ನಗುವೂ ಬಂತು. ಗಿರ್ಮಿಟ್ಟಿನ ಜೊತೆ ಕೊಟ್ಟ ಮೆಣಸಿನಕಾಯಿ ಬಾಯಲ್ಲಿತ್ತು, ಕಣ್ಣೀರಿಗೆ ಅದೇ ನೆಪವಾಯಿತು.

ಕೂಸು ನನ್ನಂತೆ ಇರುವುದಕ್ಕೆ ನನಗೆ ದುಃಖವಾಯಿತೇ ಎಂದರೆ, ಒಂದು ಗಳಿಗೆ ಆಯಿತು. ಸುಳ್ಳು ಯಾಕೆ ಹೇಳಲಿ. ಆಮೇಲೆ ಸಿಟ್ಟು ಬಂತು, ಇನ್ನೂ ಯಾರೂ ಅನ್ನದ ಆ "ಅಯ್ಯೋ"ದ ಮೇಲೆ. ಗಂಡಸರನ್ನು ಆಪರೇಷನ್ ಥಿಯೇಟರಿನ ಒಳಗೆ ಬಿಡುವುದಿಲ್ಲ. ನಾನು ನಿದ್ದೆ ಹೋದರೆ ಒಳಗೆ ನಮ್ಮವರು ಅನ್ನುವವರು ಯಾರೂ ಇರುವುದಿಲ್ಲ. ಯಾರೋ ಎತ್ತುತ್ತಾರೆ, ಯಾರೋ ನೋಡುತ್ತಾರೆ, ಯಾರ ಬಾಯಿಂದಲೋ ಆ ಮಾತು ಬೀಳುತ್ತದೆ. ನನ್ನ ಕೂಸಿನ ಕಿವಿಗೆ ಮೊದಲ ಮಾತು ನನ್ನದೇ ಬೀಳಬೇಕು. ಅದಕ್ಕಾಗಿ ನಾನು ಎಚ್ಚರ ಇರಬೇಕು. ನನ್ನ ಹಟ ಇಷ್ಟೇ ಇತ್ತು.

ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಅನಸ್ತೇಶಿಯಾ ಡಾಕ್ಟರು ಒಬ್ಬ ಹೆಣ್ಣುಮಗಳು, ನಡುವಯಸ್ಸು, ಕಟ್ಟುನಿಟ್ಟಿನ ಮುಖ. ನಾನು ಒಳಗೆ ಹೋದ ಕೂಡಲೇ ಅವರು ಮಾಡಿದ ಮೊದಲ ಕೆಲಸವೆಂದರೆ ಒಂದು ಗಿಡ್ಡ ಸ್ಟೂಲು ಎಳೆದುಕೊಂಡು ನನ್ನ ಕಣ್ಣಿನ ಸಮಕ್ಕೆ ಕೂತದ್ದು. ಬಾಯಿ ತೆಗೆಸಿದರು. ನಾಲಿಗೆ ಹೊರಗೆ ಹಾಕಿಸಿದರು. ಕತ್ತು ಹಿಂದೆ ಬಾಗಿಸಲು ಹೇಳಿದರು. ಬಾಗಿದಷ್ಟು ಬಾಗಿಸಿದೆ, ಅದೂ ಅಷ್ಟಕ್ಕಷ್ಟೇ. ಬೆನ್ನಿನ ಎಂಆರ್‌ಐ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೋಡ್ರಿ ಗಿರಿಜಾ ಅವರ, ಖರೇನ ಹೇಳ್ತೇನಿ. ಪೂರ್ತಿ ನಿದ್ದಿ ಬರಸಬೇಕಂದ್ರ ಗಂಟಲದಾಗ ನಳಿಗಿ ಇಳಸಬೇಕು. ನಿಮ್ಮ ಕುತ್ತಿಗಿ ಗಿಡ್ಡ, ನಾಲಿಗಿ ದಪ್ಪ, ನಳಿಗಿ ಇಳಿಯೂದು ಕಠಿಣ ಐತಿ. ಬೆನ್ನಿಗೆ ಇಂಜೆಕ್ಷನ್ ಅಂದ್ರ, ಬೆನ್ನಿನ ಎಲುಬಿನೊಳಗಿನ ಜಾಗಾನೂ ಇಕ್ಕಟ್ಟ ಐತಿ. ಎಲ್ಲಾರಿಗೂ ಕೊಡೂ ಅಷ್ಟ ಔಷಧ ಕೊಟ್ರ ಅದು ಎದಿ ತನಕ ಏರಿ ಉಸಿರಿಗೆ ತೊಂದ್ರಿ ಆಗಬಹುದು."

"ಹಂಗಾರ ಎಷ್ಟ್ ಕೊಡತೀರಿ ಮೇಡಂ?"

"ಅದು ಯಾವ ಪುಸ್ತಕದಾಗೂ ಇಲ್ಲ. ನೀವು ಏನ್ ಕೆಲಸಾ ಮಾಡ್ತೀರಿ?"

"ಟೇಲರ್ ಇದ್ದೇನ್ರಿ."

"ಅಳತಿ ಗೊತ್ತಿಲ್ಲದ ಮೈಗೆ ಬ್ಲೌಸು ಹ್ಯಾಂಗ ಹೊಲೀತೀರಿ?"

"ಮೊದಲ ಕಚ್ಚಾ ಹೊಲಿಗಿ ಹಾಕತೇನ್ರಿ. ತೊಡಿಸಿ ನೋಡತೇನಿ. ಬಿಗಿ ಆದ್ರ ಬಿಚ್ಚತೇನಿ, ಸಡಿಲ ಆದ್ರ ಹಿಡೀತೇನಿ. ಆಮ್ಯಾಲೆ ಪಕ್ಕಾ."

"ನಾನೂ ಅದನ್ನ ಮಾಡಾಕಿ. ಎಪಿಡ್ಯೂರಲ್ ಅಂತ, ಬೆನ್ನಾಗ ದಾರದಂಥಾ ನಳಿಗಿ ಇಡತೇನಿ. ಔಷಧಾ ಹನಿಹನಿ ಹಾಕಿ ನೋಡ್ಕೋತ ಹೋಗತೇನಿ. ಆದ್ರ ಪ್ರಾಮಿಸ್ ಮಾಡೂದಿಲ್ಲ. ಜಾಗಾ ಸಿಗಲಿಲ್ಲಂದ್ರ, ಮೂಗಿನಿಂದ ಕ್ಯಾಮೆರಾ ಇರೋ ನಳಿಗಿ ಇಳಿಸಿ ನಿದ್ದಿನ ಬರಸಬೇಕಾಗತೈತಿ. ಆವಾಗ ಹಟಾ ಮಾಡಬಾರದು. ನೀವು ಉಳೀಬೇಕು, ಕೂಸು ಉಳೀಬೇಕು, ಮೊದಲ ಅದು."

ಆಯಿತೆಂದೆ. ಅಷ್ಟು ದಿನಗಳಲ್ಲಿ ನನ್ನನ್ನು ನೇರವಾಗಿ ಹೆದರಿಸಿದವರು ಅವರೊಬ್ಬರೇ, ಆದ್ದರಿಂದ ಅವರ ಮೇಲೆಯೇ ನಂಬಿಕೆ ಬಂತು.

ಚೊಚ್ಚಲ ಹೆರಿಗೆ ತವರಿನದು. ಆದ್ದರಿಂದ ನಾನು ಧಾರವಾಡಕ್ಕೆ ಅವ್ವನ ಮನೆಗೆ ಹೋದೆ. ದಿನ ತುಂಬುವ ಮೊದಲೇ ಆಪರೇಷನ್ ಎಂದು ಗೊತ್ತುಮಾಡಿದ್ದರು, ಹೊಟ್ಟೆ ಇನ್ನೂ ಬೆಳೆದರೆ ಉಸಿರಿಗೆ ಜಾಗ ಇರುವುದಿಲ್ಲ ಎಂದು. ಅವ್ವ ಸಿಕ್ಕ ಸಿಕ್ಕವರನ್ನೆಲ್ಲ ಕೇಳಿ ತಲೆ ತುಂಬಿಕೊಂಡಿದ್ದಳು. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡವರ ನಡು ಜೀವನಪೂರ್ತಿ ನೋಯುತ್ತದಂತೆ, ಒಬ್ಬಾಕೆ ಎದ್ದೇ ಇಲ್ಲವಂತೆ. "ಅಂತೆ ಅಂತೆ ಬಿಡವ್ವಾ, ನನ್ನ ನಡು ಈಗೂ ನೋಯ್ತೈತಿ" ಎಂದು ನಾನು ಬಾಯಿ ಮುಚ್ಚಿಸಿದೆ.

ಹಿಂದಿನ ದಿನ ಆಸ್ಪತ್ರೆಯಿಂದ ಫೋನು ಬಂತು. ಬೆಳಗ್ಗೆ ಏನೂ ತಿನ್ನಬಾರದು, ಕುಡಿಯಬಾರದು. ಅವ್ವನಿಗೂ ಹೇಳಿದೆ. ಅವ್ವ ತಲೆ ಅಲ್ಲಾಡಿಸಿದಳು. ಬೆಳಗ್ಗೆ ಅವಳು ಒಲೆ ಕೂಡ ಹಚ್ಚಲಿಲ್ಲ. ಮಗಳ ಮುಂದೆ ಚಹಾ ಕುಡಿಯುವುದು ಹ್ಯಾಗೆ ಎಂದು ತಾನೂ ಕುಡಿಯಲಿಲ್ಲ. ದೇವರ ಜಗಲಿಯ ಮೇಲಿನ ವಿಭೂತಿ ತಂದು ನನ್ನ ಹಣೆಗೂ ಹೊಟ್ಟೆಗೂ ಹಚ್ಚಿದಳು. ಹೊರಗೆ ಮಾಸ್ತರರು ಕಾರು ತಂದು ನಿಲ್ಲಿಸಿದ್ದರು. ಹೊಸ್ತಿಲ ಬಳಿ ಅವ್ವ ಎಂದಿನಂತೆ ಮೊಸರು-ಸಕ್ಕರೆ ಹಿಡಿದು ನಿಂತಿದ್ದಳು.

ನಮ್ಮ ಮನೆಯಲ್ಲಿ ಯಾರೂ ಒಳ್ಳೆಯ ಕೆಲಸಕ್ಕೆ ಮೊಸರು-ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ. ಪರೀಕ್ಷೆಗೆ ಹೋಗುವಾಗ, ಮೊದಲ ಸಲ ಅಂಗಡಿಯ ಬಾಗಿಲು ತೆಗೆಯಲು ಹೋಗುವಾಗ, ಎಲ್ಲದಕ್ಕೂ ಅದು ಆಗಲೇಬೇಕು. ಅವ್ವ ಕೊಟ್ಟಳು, ನಾನು ತಿಂದೆ. ತಲೆಯೊಳಗೆ ಏನೂ ಹೊಳೆಯಲಿಲ್ಲ. ತಿನ್ನುವುದು ಬೇರೆ, ಮೊಸರು-ಸಕ್ಕರೆ ಬೇರೆ.

ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಮೇಡಂ ಬಂದು ಕೇಳಿದರು, "ಬೆಳಗಿನಿಂದ ಏನರ ತಿಂದೀರೇನು?"

"ಏನೂ ಇಲ್ರಿ" ಎಂದೆ.

"ಏನೂ ಇಲ್ರಿ" ಎಂದರು ಮಾಸ್ತರರು.

ಅವ್ವ ಅಭಿಮಾನದಿಂದ ಮುಂದೆ ಬಂದಳು. "ಖಾಲಿ ಹೊಟ್ಟೀಲೆ ಕರಕೊಂಡ ಬಂದೇವ್ರಿ ಬಾಯಾರ. ನಾನೂ ಚಹಾ ಮುಟ್ಟಿಲ್ಲ. ಹೊಸ್ತಲಾ ದಾಟೂಮುಂದ ಜರಾ ಮೊಸರು ಸಕ್ಕರಿ, ಅಷ್ಟ."

ಮೇಡಂ ಮುಖ ಬದಲಾಯಿತು. "ಜರಾ ಅಂದ್ರ ಎಷ್ಟ್ರಿ?"

"ಎಲ್ಲಾರಿಗೂ ಅಂಗೈಯಾಗ ಹಾಕತೇನ್ರಿ. ನಮ್ಮ ಗಿರ್ಜಾನ ಅಂಗೈ ಸಣ್ಣದು ನೋಡ್ರಿ, ಚೆಲ್ಲತೈತಿ. ಅದಕ್ಕ ಆಕಿಗೆ ಯಾವಾಗಲೂ ವಾಟಗದಾಗ ಕೊಡೂದು."

"ವಾಟಗಾ? ಬಟ್ಟಲಾ ತುಂಬ?"

"ಮತ್ತ ಮಗಳಿಗೆ ಅರ್ಧಾ ಕೊಡತಾರೇನ್ರಿ?"

ಅಂದಿನ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಮೇಡಂ ಕೂಗಾಡಲಿಲ್ಲ. ಮತ್ತೆ ಆ ಗಿಡ್ಡ ಸ್ಟೂಲಿನ ಮೇಲೆ ಕೂತು ಅವ್ವನಿಗೆ ತಿಳಿಸಿ ಹೇಳಿದರು. ಬೆನ್ನಿನ ನಳಿಗೆ ಸಿಗದೆ ನಿದ್ದೆ ಬರಿಸಬೇಕಾಗಿ ಬಂದರೆ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಪುಪ್ಪುಸಕ್ಕೆ ಇಳಿಯಬಹುದು. ನನ್ನಂಥ ಕುತ್ತಿಗೆಯವರಿಗೆ ಅದು ಇನ್ನೂ ಅಪಾಯ. ಮೊಸರು ಕರಗುವ ತನಕ ಕಾಯಬೇಕು. ಅಷ್ಟರೊಳಗೆ ಬೇನೆ ಶುರುವಾದರೆ ಕಾಯಲು ಆಗುವುದಿಲ್ಲ. "ದೇವರು ದೊಡ್ಡವ, ಬ್ಯಾನಿ ಇಲ್ಲ ಈಗ" ಎಂದು ಹೇಳಿ ಎದ್ದು ಹೋದರು.

ಅವ್ವ ಕಿಟಕಿಯ ಹತ್ತಿರ ಹೋಗಿ ನಿಂತಳು. ಮಾಸ್ತರರು ಔಷಧದ ಅಂಗಡಿಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ. ನಾನು ಬೈಯಬೇಕು ಎಂದುಕೊಂಡಿದ್ದೆ. ಅವಳ ಬೆನ್ನು ಅಲುಗುತ್ತಿತ್ತು.

"ಅಳಬ್ಯಾಡ ಬಾರವ್ವಾ. ನಾನೂ ತಿಂದೇನಲ್ಲ, ನನಗೂ ಬುದ್ಧಿ ಇರಲಿಲ್ಲ."

"ನನ್ನ ಕೈನೂ ಹಿಂಗ, ಬಾಯಿನೂ ಹಿಂಗ" ಎಂದಳು, ತಿರುಗದೆಯೇ. "ನೀ ಹುಟ್ಟಿದಾಗ ಅಯ್ಯೋ ಅಂದಾಕಿ ನರ್ಸ್ ಅಲ್ಲವಾ. ನಾನ ಅಂದಿದ್ನಿ."

ನಾನು ಮಂಚದ ಅಂಚಿಗೆ ಸರಿದೆ.

"ಆಕಿ ಪಾಪ ನಿನ್ನ ಒರಿಸಿ ಛಂದಾಗಿ ಅರಿವಿಯೊಳಗ ಸುತ್ತಿ ಕೊಟ್ಲು. ನಾ ಅರಿವಿ ಬಿಚ್ಚಿ ನೋಡಿ ಅಂದ್ನಿ. ನಿನಗ ಹೇಳಾಕ ನಾಚಿಕಿ ಆತು. ನರ್ಸ್ ಮ್ಯಾಲೆ ಹಾಕಿದ್ನಿ."

ಇಷ್ಟು ವರ್ಷ ನಾನು ಬೈದುಕೊಂಡದ್ದು ಒಬ್ಬ ಒಳ್ಳೆಯ ಹೆಂಗಸನ್ನು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅಂದು ಅವ್ವನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಸ್ಕ್ಯಾನ್ ಇಲ್ಲ, ಹೇಳುವವರಿಲ್ಲ, ಹಾಗೆ ಒಮ್ಮೆಲೇ ಅರಿವೆ ಬಿಚ್ಚಿ ನೋಡಿದವಳು ಮತ್ತೇನು ಅನ್ನುತ್ತಾಳೆ? ಅದೇ ಕೈಯಿಂದ ನನ್ನನ್ನು ಎತ್ತಿಕೊಂಡು ಊರೂರು ಆಸ್ಪತ್ರೆ ಅಲೆದವಳು ಅವಳು. ಸಾಲೆಯ ಬೆಂಚು ಎತ್ತರವಾಯಿತೆಂದು ಹೆಡ್ ಮಾಸ್ತರರ ಜೊತೆ ಜಗಳ ತೆಗೆದವಳೂ ಅವಳೇ. ಹತ್ತಿರ ಕರೆದು ಕೂರಿಸಿಕೊಂಡೆ. ಇಬ್ಬರೂ ಮೊಸರು ಕರಗುವುದನ್ನು ಕಾಯುತ್ತ ಒಬ್ಬರಿಗೊಬ್ಬರು ಒರಗಿ ಕೂತೆವು.

ಆದರೆ ಒಳಗೊಳಗೆ ಹೊಸ ಭಯವೊಂದು ಹುಟ್ಟಿತು. ಇಷ್ಟು ದಿನ ಬೇರೆಯವರ ಬಾಯಿಗೆ ಹೆದರಿದ್ದೆ. ಹೆತ್ತ ತಾಯಿಯ ಬಾಯಲ್ಲೇ ಆ ಮಾತು ಬಂದಿದ್ದರೆ, ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಏನು ಗ್ಯಾರಂಟಿ? ಎಚ್ಚರ ಇದ್ದು ನಾನೇ ಅದನ್ನು ಅಂದುಬಿಟ್ಟರೆ?

ಮಧ್ಯಾಹ್ನ ಕರೆ ಬಂತು. ಓಟಿಯೊಳಗೆ ಚಳಿ. ಟೇಬಲ್ಲಿಗೆ ಹತ್ತಲು ಮೆಟ್ಟಿಲು ಇಟ್ಟಿದ್ದರು, ಮೇಡಂ ಮೊದಲೇ ಹೇಳಿ ಇಡಿಸಿದ್ದರಂತೆ. ನಾನೇ ಹತ್ತಿದೆ. ಬೆಕ್ಕಿನಂತೆ ಬೆನ್ನು ಬಾಗಿಸಿ ಕೂಡ್ರಿ ಎಂದರು. ಮುಂದೆ ಹೊಟ್ಟೆ, ಹಿಂದೆ ಡೊಂಕು ಬೆನ್ನು, ಬೆಕ್ಕು ಎಲ್ಲಿಂದ ಆಗಬೇಕು. ಸಿಸ್ಟರ್ ಒಬ್ಬಳು ನನ್ನ ಹೆಗಲು ಹಿಡಿದು ನಿಂತಳು. ಮೇಡಂ ಸ್ಕ್ಯಾನ್ ಮಾಡಿ ಬೆನ್ನಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು. ನಾನು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕುವುದು ನೆನಪಾಗಿ ಆ ಹೊತ್ತಿನಲ್ಲೂ ತುಸು ಹಾಯೆನಿಸಿತು.

ಸೂಜಿ ಹೋಯಿತು. ಎಲುಬಿಗೆ ತಾಗಿತು.

ಮತ್ತೆ ಹೋಯಿತು. ಮತ್ತೆ ಎಲುಬು.

"ಅಲುಗಬ್ಯಾಡ್ರಿ ಗಿರಿಜಾ ಅವರ. ಛಲೋ ಕೂತೀರಿ." ಅವರ ದನಿ ಶಾಂತವಾಗಿತ್ತು. ನನ್ನ ಹಲ್ಲು ಕಟಕಟಿಸುತ್ತಿದ್ದವು. ಪಕ್ಕದ ಟ್ರಾಲಿಯಲ್ಲಿ ಮೂಗಿನ ನಳಿಗೆಯ ಕ್ಯಾಮೆರಾ ತಯಾರಾಗಿ ಕೂತಿತ್ತು. ಅದನ್ನು ನೋಡಬಾರದು ಎಂದು ಕಣ್ಣು ಮುಚ್ಚಿದೆ. ಮತ್ತೊಂದು ಸಲ ಚುಚ್ಚಿದರು. ಕಾಲಿಗೆ ಕರೆಂಟು ಹೊಡೆದಂತಾಯಿತು. ಹಿಂದೆ ತೆಗೆದರು. ಕೂತು ಕೂತು ಉಸಿರು ಸಾಲದಾಯಿತು. ಇನ್ನು ಹೇಳಿಬಿಡುತ್ತಾರೆ, ನಿದ್ದೆಯೇ ಗತಿ ಎಂದು ಹೇಳಿಬಿಡುತ್ತಾರೆ ಅಂದುಕೊಂಡೆ.

"ಸಿಕ್ಕಿತು."

ಅಷ್ಟೇ ಅಂದರು. ನನ್ನ ಹೆಗಲು ಹಿಡಿದ ಸಿಸ್ಟರ್ ನನಗಿಂತ ಜೋರಾಗಿ ಉಸಿರು ಬಿಟ್ಟಳು.

ಔಷಧವನ್ನು ಸ್ವಲ್ಪ ಸ್ವಲ್ಪವೇ ಹಾಕಿದರು. ಹಾಕುವುದು, ಕಾಯುವುದು, ಐಸು ಮುಟ್ಟಿಸಿ ಕೇಳುವುದು. ಇಲ್ಲಿ ತಂಪು ಹತ್ತುತ್ತದೇನು? ಇಲ್ಲಿ? ಎಡಗಡೆ ಮರಗಟ್ಟಿತು, ಬಲಗಡೆ ಇಲ್ಲ. ಮಗ್ಗುಲು ಬದಲಿಸಿದರು, ಮತ್ತೆ ಕಾದರು. ಆಪರೇಷನ್ ಮಾಡುವ ಡಾಕ್ಟರು ಕೈ ಕಟ್ಟಿಕೊಂಡು ನಿಂತಿದ್ದರು, ಅವಸರ ಮಾಡಲಿಲ್ಲ. ಕೊನೆಗೆ ಎದೆಯ ಕೆಳಗಿನ ತನಕ ತಂಪು ಗೊತ್ತಾಗದೆ ಹೋಯಿತು, ಉಸಿರು ಮಾತ್ರ ನನ್ನದಾಗಿಯೇ ಉಳಿಯಿತು. ಪಕ್ಕಾ ಹೊಲಿಗೆ.

ನೋವಿರಲಿಲ್ಲ. ಯಾರೋ ಹೊಟ್ಟೆಯೊಳಗೆ ಕೈ ಹಾಕಿ ಗಂಟು ಬಿಚ್ಚುತ್ತಿದ್ದಾರೆ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಮೇಡಂ ನನ್ನ ತಲೆಯ ಹತ್ತಿರ ಕೂತು ಮಾನಿಟರನ್ನೂ ನನ್ನನ್ನೂ ಸರದಿಯಲ್ಲಿ ನೋಡುತ್ತಿದ್ದರು. ನಾನು ಏನು ಅನ್ನಬೇಕು ಎಂದು ತಿಂಗಳುಗಟ್ಟಲೆ ಯೋಚಿಸಿ ಇಟ್ಟಿದ್ದೆ. ಛಂದದ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಒಂದೂ ನೆನಪಿರಲಿಲ್ಲ. ತುಟಿ ಬಿಗಿಯಾಗಿ ಮುಚ್ಚಿಕೊಂಡೆ.

ಒಂದು ಎಳೆತ. ಹೊಟ್ಟೆ ಹಗುರಾಯಿತು. ಕೂಸನ್ನು ಪರದೆಯ ಮೇಲಕ್ಕೆ ಎತ್ತಿದರು. ದೊಡ್ಡ ತಲೆ, ಗಿಡ್ಡ ತೋಳು, ಮಡಿಕೆ ಬಿದ್ದ ತೊಡೆ, ಬೆರಳು ಅಗಲಿಸಿದ ಅಂಗೈ. ಅಂಗೈ ನನ್ನದೇ. ಕೂಸು ಬಾಯಿ ತೆಗೆದು ಚೀರಿತು. ಯಾರೂ ಏನೂ ಅನ್ನಲಿಲ್ಲ. ಮೇಡಂ ಎಲ್ಲರಿಗೂ ಸುಮ್ಮನಿರಲು ಹೇಳಿದ್ದರೋ ಏನೋ, ಇಂದಿಗೂ ಕೇಳಿಲ್ಲ.

ನನ್ನ ಬಾಯಿ ತಾನಾಗಿ ತೆರೆಯಿತು.

"ಬಂದ್ಯೇನ ನಮ್ಮವ್ವಾ, ಬಾ ಬಾ. ನಿನ್ನ ಹಾದಿನ ಕಾಯಾಕತ್ತಿದ್ವಿ."

ಅಂಗಡಿಗೆ ಬಂದ ಗಿರಾಕಿಗೆ ಅನ್ನುವಂತೆ ಅಂದುಬಿಟ್ಟೆ. ಸಿಸ್ಟರ್ ನಕ್ಕಳು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಹೆಣ್ಣು ಕೂಸು ಎಂದು ಆಮೇಲೆ ಹೇಳಿದರು, ನನಗೆ ಅದು ಮೊದಲೇ ಗೊತ್ತಾಗಿಹೋಗಿತ್ತು. ಕೂಸನ್ನು ನನ್ನ ಗಲ್ಲಕ್ಕೆ ಮುಟ್ಟಿಸಿದರು. ಬಿಸಿಯಾಗಿತ್ತು. ಅಷ್ಟು ಸುಖ ನನಗೆ ಅದಕ್ಕಿಂತ ಮೊದಲು ಆಗಿದ್ದಿಲ್ಲ. ಇದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಆ ರಾತ್ರಿ ಐಸಿಯುವಿನಲ್ಲಿ ಇಟ್ಟುಕೊಂಡರು. ಕಾಲಿಗೆ ಜೀವ ಬರುವುದು ತಡವಾಯಿತು, ಮೈಯೆಲ್ಲ ನಡುಗಿತು. ಹೆಬ್ಬೆರಳು ಅಲುಗಿದಾಗ ಮೇಡಂ ಬಂದು ನೋಡಿ ಹೋದರು. ಅವ್ವ ಹೇಳಿದ ಹಾಗೆ ನಡು ಒಂದಿಷ್ಟು ದಿನ ನೋಯಿತು. ಅದು ಮೊದಲಿನ ನೋವೋ ಸೂಜಿಯದೋ ಯಾರು ಹೇಳಬೇಕು.

ಈಗ ಮಗಳಿಗೆ ಕುತ್ತಿಗೆ ಇನ್ನೂ ನಿಂತಿಲ್ಲ. ನಮ್ಮಂಥವರಿಗೆ ತಡವಂತೆ. ಮಕ್ಕಳ ಡಾಕ್ಟರು ಅವಳನ್ನು ಕೂರಿಸುವ ಅವಸರ ಮಾಡಬೇಡಿ, ಮಲಗಿದಾಗ ಉಸಿರಿನ ಮೇಲೆ ಗಮನ ಇರಲಿ ಎಂದಿದ್ದಾರೆ. ಮುಂದೆ ಏನೇನು ಬರುತ್ತದೋ ಗೊತ್ತಿಲ್ಲ. ಬೆನ್ನು, ಕಾಲು, ಸಾಲೆಯ ಬೆಂಚು. ಕೆಲವು ನನಗೆ ಗೊತ್ತಿದ್ದ ದಾರಿಗಳು, ಕೆಲವು ಅಲ್ಲ. ನಾನು ಅಂಜುತ್ತೇನೆ, ಆದರೂ ಖುಷಿಯಾಗಿದ್ದೇನೆ. ಎರಡೂ ಒಟ್ಟಿಗೆ ಇರಬಹುದು ಎಂದು ಈಗ ತಿಳಿಯಿತು. ಪೇಟೆಯಲ್ಲಿ ಕೊಂಡ ಅಂಗಿಗಳ ತೋಳು ಅವಳ ಕೈ ಮುಚ್ಚಿ ಜೋತು ಬೀಳುತ್ತವೆ. ಕತ್ತರಿಸಿ ಮಡಚಿ ಹೊಲಿಯುತ್ತೇನೆ, ಅದು ನನಗೆ ದಿನದ ಕೆಲಸ.

ತೊಟ್ಟಿಲಿಗೆ ಹಾಕಿದ ದಿನ ಸುಳ್ಳದಿಂದ ಅತ್ತೆಯವರು, ಮಂದಿ ಎಲ್ಲ ಬಂದಿದ್ದರು. ಅವ್ವ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತ ಎಲ್ಲರಿಗೂ ಹುಕುಂ ಮಾಡುತ್ತಿದ್ದಳು. ನನಗೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಮಾಸ್ತರರನ್ನು ಬದಿಗೆ ಕರೆದು ಕೇಳಿದೆ. ಓಟಿಯಿಂದ ಕೂಸನ್ನು ಹೊರಗೆ ತಂದಾಗ ಮೊದಲು ಇಸಕೊಂಡವರು ಯಾರು?

"ನಿಮ್ಮವ್ವ. ನನ್ನ ಕೈಯಾಗ ಎಲ್ಲಿ ಕೊಡತಾರ?"

"ಏನಂದ್ಲು?"

ಮಾಸ್ತರರು ಅಡುಗೆಮನೆಯ ಕಡೆ ನೋಡಿದರು.

"ಅರಿವಿ ಬಿಚ್ಚಿ ಕೈ ನೋಡಿದ್ರು, ಕಾಲು ನೋಡಿದ್ರು. ಮತ್ತ ಛಂದಾಗಿ ಸುತ್ತಿದ್ರು. ಆಮ್ಯಾಲೆ ಕೂಸಿಗೆ ಹೇಳಿದ್ರು, 'ಅಂಜಬ್ಯಾಡ ನನ್ನ ಬಂಗಾರಾ. ನಿನ್ನಂಥಾಕಿನ್ನ ಒಬ್ಬಾಕಿನ್ನ ಬೆಳಿಸೇನಿ ನಾ. ನನಗೆಲ್ಲಾ ಗೊತ್ತೈತಿ.'"